ಎಂಜಲು ಪುಸ್ತಕ

ನಮ್ಮ ಊರಿನವರು ಊಟ ಚೆನ್ನಾಗಿಲ್ಲ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ, ಒಂದನೆಯ ಮಹಡಿಯ ಮೇಲೆ, ಏಳು ಮೇಜುಗಳ ಇಟಾಲಿಯನ್ ಹೋಟೆಲ್ ತೆರೆದ ಮೊದಲ ಮೂರು ತಿಂಗಳು ನಾನು ಪ್ರತಿ ಮೇಜಿಗೂ ಹೋಗಿ "ಹೇಗಿತ್ತು ರೀ?" ಎಂದು ಕೇಳುತ್ತಿದ್ದೆ. "ಬಹಳ ಚೆನ್ನಾಗಿತ್ತು ರೀ" ಎನ್ನುತ್ತಿದ್ದರು. ಹಣ ಕೊಟ್ಟು, ಸೋಂಪು ಬಾಯಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಮತ್ತೆ ಆ ಮುಖ ಕಾಣುತ್ತಿರಲಿಲ್ಲ.

ಒಂಬತ್ತು ವರ್ಷ ಪುಣೆಯ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವನು ನಾನು. ಅಲ್ಲಿ ಗಿರಾಕಿಗಳ ಅಭಿಪ್ರಾಯಕ್ಕೆ ಚೀಟಿ ಕೊಡುತ್ತಿದ್ದರು. ಇಲ್ಲಿಯೂ ಐನೂರು ಚೀಟಿ ಅಚ್ಚು ಹಾಕಿಸಿದೆ. ಎಲ್ಲರೂ ಎಲ್ಲದಕ್ಕೂ 'ಉತ್ತಮ' ಎಂದೇ ಗುರುತು ಹಾಕಿದರು. ಒಬ್ಬರು ಮಾತ್ರ ಕೆಳಗೆ "ಎಸಿ ಇನ್ನಷ್ಟು ಹಚ್ಚಿರಿ" ಎಂದು ಬರೆದಿದ್ದರು. ಉಳಿದ ಚೀಟಿಗಳ ಹಿಂಬದಿಯಲ್ಲಿ ಈಗ ಕಿರಾಣಿ ಪಟ್ಟಿ ಬರೆಯುತ್ತೇವೆ.

ನಿಜ ಗೊತ್ತಿದ್ದದ್ದು ಪಾತ್ರೆ ತೊಳೆಯುವ ಅಕ್ಕನಿಗೆ. ಒಂದು ರಾತ್ರಿ ಬಾಗಿಲು ಹಾಕುವಾಗ ಆಕೆ, "ಅಣ್ಣಾ, ಆ ಬಿಳಿಯ ಸಾರಿನದು ಇನ್ನು ಮೇಲೆ ಅರ್ಧವೇ ಮಾಡಿರಿ, ಹೇಗೂ ಅರ್ಧ ನನ್ನ ಬುಟ್ಟಿಗೇ ಬರುತ್ತದೆ" ಎಂದಳು. ಬಿಳಿಯ ಸಾರು ಎಂದರೆ ನಾನು ಹೆಮ್ಮೆಯಿಂದ ಮಾಡುತ್ತಿದ್ದ ಕೆನೆಯ ಪಾಸ್ತಾ. ಮರುದಿನ ಎರಡು ನೂರು ಪುಟದ ನೋಟುಬುಕ್ಕೊಂದು ತಂದು ಮೋರಿಯ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದೆ. ಹುಡುಗರು ಅದಕ್ಕೆ 'ಎಂಜಲು ಪುಸ್ತಕ' ಎಂದು ಹೆಸರಿಟ್ಟರು. ಯಾವ ಮೇಜಿನಿಂದ ಏನು ಉಳಿದು ಬಂತು, ಎಷ್ಟು ಬಂತು, ತಿಂದವರು ಮಕ್ಕಳೋ ಹಿರಿಯರೋ, ಇಷ್ಟನ್ನು ಬರೆಯುವುದು. ಅಕ್ಕನಿಗೆ ಓದು ಬರಹ ಬಾರದು. ಅವಳು ಹೇಳುತ್ತಾಳೆ, ಹತ್ತಿರ ಇದ್ದವರು ಬರೆಯುತ್ತಾರೆ.

ಮೊದಲ ವಾರದ ಪುಟಗಳ ತುಂಬ ಪಿಜ್ಜಾದ ಅಂಚುಗಳೇ. ಮಧ್ಯದ್ದನ್ನು ತಿಂದು ಅಂಚನ್ನು ಬಳೆಚೂರಿನಂತೆ ತಟ್ಟೆಯಲ್ಲಿ ಜೋಡಿಸಿಟ್ಟು ಹೋಗುತ್ತಿದ್ದರು. ಹಿಟ್ಟಿನಲ್ಲಿ ದೋಷವಿರಬೇಕೆಂದು ನಾನು ಒದ್ದಾಡಿದೆ. ನೇಪಲ್ಸ್‌ನ ಪಿಜ್ಜಾ ಸೌದೆಯ ಒಲೆಯಲ್ಲಿ 430 ಡಿಗ್ರಿಗೂ ಹೆಚ್ಚಿನ ಕಾವಿನಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅದಕ್ಕೇ ಅಂಚು ಉಬ್ಬಿ, ಒಳಗೆ ಮೃದುವಾಗಿ ಉಳಿಯುತ್ತದೆ. ನನ್ನದು ಗ್ಯಾಸಿನ ಒಲೆ. 350ಕ್ಕೆ ಏರಿದರೆ ಅದೇ ಹೆಚ್ಚು, ನಾಲ್ಕು ನಿಮಿಷ ಬೇಕು, ಅಷ್ಟರಲ್ಲಿ ಅಂಚು ಒಣಗುತ್ತದೆ. (ಆದ್ದರಿಂದ ನಾನು ಅದನ್ನು ನೇಪಲ್ಸ್ ಪಿಜ್ಜಾ ಎಂದು ಫಲಕದಲ್ಲಿ ಬರೆಸಿಲ್ಲ. ಬರೆಸುವವರು ಬರೆಸಲಿ.) ನೀರು ಹೆಚ್ಚಿಸಿದೆ, ಹಿಟ್ಟನ್ನು ಇಡೀ ರಾತ್ರಿ ಫ್ರಿಜ್ಜಿನಲ್ಲಿ ಹುದುಗಲು ಬಿಟ್ಟೆ. ಅಂಚು ಮೆತ್ತಗಾಯಿತು. ಆದರೂ ಮರಳಿ ಬಂತು.

ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು. "ರೊಟ್ಟಿಯ ಅಂಚನ್ನು ಯಾರಾದರೂ ಬಿಡುತ್ತಾರೆಯೇ ಅಣ್ಣಾ? ಇದಕ್ಕೆ ಹಚ್ಚಿಕೊಳ್ಳಲು ಏನೂ ಇಲ್ಲ, ಅದಕ್ಕೆ ಬಿಡುತ್ತಾರೆ" ಎಂದಳು. ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಇಟಲಿಯ ಊಟದ ಪಕ್ಕದಲ್ಲಿ ಶೇಂಗಾ ಹಿಂಡಿಯೇ, ಅಂದರೆ ಚಟ್ನಿಪುಡಿಯೇ, ಎಂದು ಜಂಭ. ಕೊನೆಗೊಂದು ಶನಿವಾರ ಹಿಂಡಿಗೆ ಆಲಿವ್ ಎಣ್ಣೆ ಕಲಸಿ ಸಣ್ಣ ಬಟ್ಟಲಿನಲ್ಲಿ ಇಟ್ಟೆ. ಆ ರಾತ್ರಿ ಪುಸ್ತಕದಲ್ಲಿ ಅಂಚಿನ ಸುದ್ದಿಯೇ ಇಲ್ಲ. ಬಟ್ಟಲುಗಳನ್ನು ಬೆರಳಿನಿಂದ ಸವರಿ ಕಳಿಸಿದ್ದರು.

ಪಾಸ್ತಾದ ಕಥೆ ಬೇರೆ. ಇಟಲಿಯವರು ಅದನ್ನು 'ಅಲ್ ದೆಂತೆ' ಬೇಯಿಸುತ್ತಾರೆ, ಅಂದರೆ ಹಲ್ಲಿಗೆ ಸಿಗುವಂತೆ. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು, ಪೊಟ್ಟಣದ ಮೇಲೆ ಬರೆದ ನಿಮಿಷಕ್ಕಿಂತ ಒಂದು ನಿಮಿಷ ಮುಂಚೆ ತೆಗೆಯುವುದು, ಉಳಿದದ್ದು ಸಾಸ್‌ನಲ್ಲಿ ಬೇಯುವುದು. ನಾನು ಕಲಿತದ್ದು ಇದನ್ನೇ. ಇಲ್ಲಿ ಅದಕ್ಕೆ 'ಬೆಂದಿಲ್ಲ' ಎನ್ನುತ್ತಾರೆ. ಬಾಯಿಯಿಂದಲ್ಲ, ತಟ್ಟೆಯಿಂದ. ನಮ್ಮ ನಾಲಿಗೆ ಶಾವಿಗೆಗೆ ಒಗ್ಗಿದ್ದು, ಶಾವಿಗೆ ಬಾಯಲ್ಲಿ ಕರಗಬೇಕು. ಈಗ ಒಂಬತ್ತು ನಿಮಿಷದ್ದನ್ನು ಹನ್ನೊಂದು ನಿಮಿಷ ಬೇಯಿಸುತ್ತೇನೆ. ಪುಣೆಯ ನನ್ನ ಗುರುಗಳು ನೋಡಿದರೆ ಸೌಟಿನಿಂದ ಹೊಡೆದಾರು. ಹಲ್ಲಿಗೆ ಸಿಗುವಂತೆಯೇ ಬೇಕು ಎಂದು ಕೇಳುವವರೂ ಇದ್ದಾರೆ, ಹೆಚ್ಚಾಗಿ ವಿಶ್ವವಿದ್ಯಾಲಯದ ಕಡೆಯ ಹುಡುಗ ಹುಡುಗಿಯರು, ಹೊರಗೆ ಓದಿ ಬಂದ ವೈದ್ಯರು. ಅವರಿಗೆ ಹಾಗೆಯೇ ಕೊಡುತ್ತೇವೆ.

ಆಳಂದದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಬಂದಿದ್ದರು. ಸೂಪಿನಲ್ಲಿ ಅಕ್ಕಿಕಾಳಿನ ಆಕಾರದ ಓರ್ಜೊ ಪಾಸ್ತಾ ಹಾಕಿದ್ದೆ. ಚಮಚದಲ್ಲಿ ಎತ್ತಿ ನೋಡಿ, "ಇದು ನಮ್ಮ ಗವಲಿ ಅಲ್ಲವೇ ತಮ್ಮಾ? ಬೆಲ್ಲ ಎಲ್ಲಿ?" ಎಂದರು. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅಜ್ಜಿ ಹೇಳಿದ್ದು ಸರಿ. ಗೋಧಿಯ ಹಿಟ್ಟನ್ನು ಕಲಸಿ, ಬೆರಳಿನಲ್ಲಿ ಹೊಸೆದು, ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬುವ ಕೆಲಸವನ್ನು ಅವರು ಮದುವೆಗಳಿಗಾಗಿ ಜೀವನವಿಡೀ ಮಾಡಿದವರು. ಗೋಧಿಯಲ್ಲಿಯೂ ನಂಟಿದೆ. ನಮ್ಮಲ್ಲಿ ಜವೆ ಗೋಧಿ ಎನ್ನುವುದನ್ನೇ ಇಟಲಿಯವರು 'ಫಾರೊ' ಎಂದು ಸೂಪಿಗೆ ಹಾಕುತ್ತಾರೆ. ಒಳಗೆ ಹೋಗಿ ಒಂದಿಷ್ಟು ಓರ್ಜೊ ಬೇಯಿಸಿ, ಬೆಲ್ಲ ಹಾಲು ಹಾಕಿ, ಏಲಕ್ಕಿ ಉದುರಿಸಿ ತಂದು ಕೊಟ್ಟೆ. ಪೂರ್ತಿ ತಿಂದು, "ನಿನ್ನ ಗವಲಿ ದಪ್ಪ" ಎಂದರು. ಇಷ್ಟು ವರ್ಷದಲ್ಲಿ ನನಗೆ ಎದುರಿಗೆ ಸಿಕ್ಕ ನೇರ ಟೀಕೆ ಅದೊಂದೇ.

ಬಡಿಸುವ ಕ್ರಮವನ್ನೂ ಬದಲಿಸಬೇಕಾಯಿತು. ಇಟಲಿಯಲ್ಲಿ ಒಂದಾದ ಮೇಲೆ ಒಂದು ಬರುತ್ತದೆ. ಮೊದಲು ಪಾಸ್ತಾ, ಅದು ಮುಗಿದ ಮೇಲೆ ಮಾಂಸವೋ ಮೀನೋ, ಜೊತೆಗೆ ತರಕಾರಿ. ಹಾಗೆ ಮಾಡಿದಾಗ ಜನ ಪಾಸ್ತಾವನ್ನು ಮುಂದಿಟ್ಟುಕೊಂಡು, ಮುಟ್ಟದೆ, ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತಿರುತ್ತಿದ್ದರು. ಉಳಿದದ್ದು ಬರಲಿ, ಎಲ್ಲವೂ ಬಂದ ಮೇಲೆ ಕೈ ಹಾಕೋಣ ಎಂದು. ರೊಟ್ಟಿ, ಪುಂಡಿಪಲ್ಯ, ಹಿಂಡಿ, ಮೊಸರು ಎಲ್ಲವೂ ಒಂದೇ ತಟ್ಟೆಯಲ್ಲಿದ್ದರೆ ಮಾತ್ರ ನಮಗೆ ಅದು ಊಟ. ಇನ್ನೊಂದು, ಆರು ಜನ ಬಂದರೆ ಎರಡು ಬಗೆ ತರಿಸಿ ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳುವ ಹೊತ್ತಿಗೆ ಎಸಿಯ ಗಾಳಿಗೆ ಕೆನೆ ಗಟ್ಟಿಯಾಗಿ ಪಾಸ್ತಾ ಮುದ್ದೆಯಾಗುತ್ತಿತ್ತು. ಅಕ್ಕನ ಬುಟ್ಟಿಗೆ ಬೀಳುತ್ತಿದ್ದ ಬಿಳಿಯ ಸಾರಿನ ರಹಸ್ಯ ಇದು. ರುಚಿಯಲ್ಲಿ ತಪ್ಪಿರಲಿಲ್ಲ. ಈಗ ತಟ್ಟೆಗಳನ್ನು ಒಲೆಯ ಮೇಲಿನ ಹಲಗೆಯಲ್ಲಿ ಬಿಸಿ ಮಾಡಿ ಇಡುತ್ತೇವೆ. ಎಲ್ಲವನ್ನೂ ಒಟ್ಟಿಗೆ ಅಗಲವಾದ ಬೋಗುಣಿಗಳಲ್ಲಿ ತಂದು ಹುಡುಗರೇ ಬಡಿಸುತ್ತಾರೆ. "ಇನ್ನೊಂದು ಸ್ವಲ್ಪ ಹಾಕಲೇ ಕಾಕಾ?" ಎಂದು ಕೇಳುವುದನ್ನು ಅವರಿಗೆ ನಾನು ಕಲಿಸಲಿಲ್ಲ, ಮನೆಯಿಂದಲೇ ಕಲಿತು ಬಂದಿದ್ದರು.

ಇನ್ನು ಪುಸ್ತಕದಲ್ಲಿ ಬರೆಯದ ಒಂದು ಸಂಗತಿ.

ಎರಡನೆಯ ವರ್ಷ ಶ್ರಾವಣ ಮಾಸದಲ್ಲಿ ವಿಭೂತಿ ಧರಿಸಿದ ಹಿರಿಯರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಸೂಪರ್ ಮಾರ್ಕೆಟ್ ಕಡೆ ಬಟ್ಟೆ ಅಂಗಡಿ ಅವರದು. "ಮೊಟ್ಟೆ, ಮತ್ತೊಂದು, ಏನೂ ಇಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆ. ಟೊಮೆಟೊ ಸಾಸ್‌ನ ಪಾಸ್ತಾ ತಿಂದರು, ಮೇಲೆ ಚೀಸ್ ತುರಿದು ಕೊಟ್ಟೆ. ತಟ್ಟೆ ಖಾಲಿ. ವಾರದ ನಂತರ ಆ ಚೀಸ್ ಎಂಥದೆಂದು ವಿಚಾರಿಸುವ ಬುದ್ಧಿ ಬಂತು. ಹೈದರಾಬಾದಿನಿಂದ ತರಿಸಿದ, ಪ್ಲಾಸ್ಟಿಕ್‌ನಲ್ಲಿ ಸುತ್ತಿದ ತುಂಡು ಅದು, ಹಸಿರು ಚುಕ್ಕೆ ಇರಲಿಲ್ಲ. ಅಸಲಿ ಪಾರ್ಮಿಜಾನೊ ರೆಜ್ಜಾನೊ. ಅದರ ನಿಯಮದ ಪ್ರಕಾರವೇ ಹಾಲು ಒಡೆಯಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಪುಣೆಯಲ್ಲಿ ಒಂಬತ್ತು ವರ್ಷ ಅದನ್ನು ತುರಿದಿದ್ದೇನೆ. ಒಮ್ಮೆಯೂ ಯೋಚಿಸಿರಲಿಲ್ಲ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅಂಗಡಿಗೆ ಹೋದೆ. ನನಗೆ ಚಹಾ ತರಿಸಿದರು. ಹೇಳಿದೆ. ಅವರು ಮಡಚುತ್ತಿದ್ದ ಸೀರೆಯನ್ನು ಪೂರ್ತಿ ಮಡಚಿ ಕಪಾಟಿನಲ್ಲಿಟ್ಟು, "ಮನೆಯಲ್ಲಿ ನಾನು ಹೇಳುವುದಿಲ್ಲ. ನೀವೂ ಎಂದೂ ಹೇಳಬೇಡಿ" ಎಂದರು. ಬೈಯಲಿಲ್ಲ. ಆಮೇಲೆ ಬರಲೂ ಇಲ್ಲ.

ಅಂದಿನಿಂದ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಹಾಕಿದ, ಹಸಿರು ಚುಕ್ಕೆಯ, ನಮ್ಮ ದೇಶದ ಚೀಸ್ ಮಾತ್ರ. ರುಚಿ ಅರ್ಧಕ್ಕೆ ಇಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ಕೋಳಿಗೆ ಬೇರೆ ಒಲೆ, ಬೇರೆ ಚಾಕು, ಹಲಾಲ್ ಅಂಗಡಿಯದೇ ಮಾಂಸ. ಬಂದೇನವಾಜರ ದರ್ಗಾ ಇರುವ ಊರು ಇದು, ನನ್ನ ಗಿರಾಕಿಗಳಲ್ಲಿ ಬಹಳ ಜನ ಮುಸಲ್ಮಾನರು, ರಂಜಾನ್ ತಿಂಗಳಿನಲ್ಲಿ ತರಾವೀಹ್ ನಮಾಜು ಮುಗಿಸಿ ರಾತ್ರಿ ಹತ್ತೂವರೆಗೆ ಬರುವ ಕುಟುಂಬಗಳೇ ನಮ್ಮ ವ್ಯಾಪಾರ. ಹಂದಿಮಾಂಸವಿಲ್ಲ, ಸಾಸ್‌ಗೆ ವೈನ್ ಇಲ್ಲ. ಕಾರ್ಬೊನಾರಾ ಮಾಡಿ ಎಂದು ಕೇಳುವವರಿಗೆ ಇಲ್ಲ ಎನ್ನುತ್ತೇನೆ. ಹಂದಿಯ ಕೆನ್ನೆಯ ಮಾಂಸ, ಮೊಟ್ಟೆ, ಪೆಕೊರಿನೊ ಚೀಸ್ ಮೂರೂ ಇಲ್ಲದ ಮೇಲೆ ಕೆನೆ ಸುರಿದು ಅದೇ ಹೆಸರಿಡುವುದು ನನ್ನಿಂದಾಗದು.

ಹೆಸರಿನ ಮಾತು ಬಂತಲ್ಲ. ಪಟ್ಟಿಯಲ್ಲಿ 'ಆಲ್ಯೊ ಎ ಓಲ್ಯೊ' ಎಂದಿದ್ದಾಗ ಅದನ್ನು ಯಾರೂ ಕೇಳುತ್ತಿರಲಿಲ್ಲ. ತಪ್ಪಾಗಿ ಓದಿ ಮಕ್ಕಳ ಮುಂದೆ ನಗೆಪಾಟಲಾಗಲು ಯಾವ ತಂದೆಗೆ ಇಷ್ಟ? ಬೆರಳಿಟ್ಟು ತೋರಿಸಿ "ಇದು" ಎನ್ನುತ್ತಿದ್ದರು, ಇಲ್ಲವೇ ಪಿಜ್ಜಾ ಹೇಳಿ ಮುಗಿಸುತ್ತಿದ್ದರು. ಕನ್ನಡದಲ್ಲಿ 'ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ ಸ್ಪಗೆಟಿ' ಎಂದು ಬರೆಸಿದೆ. ಆ ಇಟಾಲಿಯನ್ ಹೆಸರಿನ ಅರ್ಥವೂ ಬೆಳ್ಳುಳ್ಳಿ ಮತ್ತು ಎಣ್ಣೆ ಎಂದೇ. ಈಗ ಅತಿ ಹೆಚ್ಚು ಹೋಗುವ ಪಾಸ್ತಾ ಅದು, ತಟ್ಟೆ ತೊಳೆದಂತೆ ಬರುತ್ತದೆ. ಬೇಸಿಲ್ ಎಲೆಗೆ 'ಕಾಮಕಸ್ತೂರಿ' ಎಂದು ಬರೆದ ಮೇಲೆ "ತುಳಸಿಯನ್ನು ಊಟಕ್ಕೆ ಹಾಕುತ್ತೀರಾ?" ಎಂಬ ಪ್ರಶ್ನೆಯೂ ನಿಂತಿತು. ಅದನ್ನು ಮಾಳಿಗೆಯ ಮೇಲೆ ಹಸಿರು ಬಲೆಯ ಕೆಳಗೆ ನಾನೇ ಬೆಳೆಯುತ್ತೇನೆ. ಮೇ ತಿಂಗಳ ಬಿಸಿಲಿಗೆ ಬಲೆಯಿದ್ದರೂ ಸುಟ್ಟು ಹೋಗುತ್ತದೆ, ಆ ಒಂದು ತಿಂಗಳು ಪಿಜ್ಜಾಕ್ಕೆ ಎಲೆ ಇಲ್ಲ.

ಪುಸ್ತಕ ಈಗ ನಾಲ್ಕನೆಯದು. ಕಳೆದ ವಾರದ ಪುಟಗಳಲ್ಲಿ ಪ್ರತಿದಿನ ಒಂದೇ ಶಬ್ದವಿದೆ: 'ಕರಿ ಆಲಿವ್'. ದೊಡ್ಡವರು ಅದನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾರೆ. ಮಕ್ಕಳು ನೇರಳೆ ಹಣ್ಣೆಂದು ಬಾಯಿಗೆ ಹಾಕಿಕೊಂಡು ಕೈಒರೆಸುವ ಕಾಗದದಲ್ಲಿ ಉಗುಳುತ್ತಾರೆ. ಪಿಜ್ಜಾದ ಮೇಲೆ ಹಾಕದಿದ್ದರೆ "ಆಲಿವ್ ಹಾಕಿಲ್ಲವಲ್ಲ" ಎಂದು ಕೇಳುವವರೂ ಅವರೇ. ಹಾಕುತ್ತಿದ್ದೇನೆ, ಅಕ್ಕ ಎಣಿಸುತ್ತಿದ್ದಾಳೆ. ನಿನ್ನೆ ನಲವತ್ತೊಂದು.