ಎಲೆ ಹೊಳೆಯಬೇಕಾ? ಸ್ಪ್ರೇ ಬೇಡ, ಒದ್ದೆ ಬಟ್ಟೆ ಸಾಕು

ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಶುರುವಾದರೆ ವರಾಂಡದ ರಬ್ಬರ್ ಗಿಡ ನೋಡನೋಡುತ್ತಲೇ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ ಧೂಳಿನ ಜೊತೆ ಹೊಗೆಯ ಮಸಿಯೂ ಎಲೆ ಮೇಲೆ ಕೂರುತ್ತದೆ. ಇದನ್ನು ನೋಡಿ ಬೇಸರವಾಗಿ ಎಷ್ಟೋ ಜನ ನರ್ಸರಿಯಿಂದ ಲೀಫ್ ಶೈನ್ ಅನ್ನುವ, ಎಲೆಗೆ ಹೊಳಪು ಕೊಡುವ ಸ್ಪ್ರೇ ಡಬ್ಬಿ ತಂದು ಹೊಡೆಯುತ್ತಾರೆ. ಎಲೆ ಫಳಫಳ ಅನ್ನುತ್ತದೆ, ನಿಜ. ಆದರೆ ಆ ಹೊಳಪಿನಿಂದ ಗಿಡಕ್ಕೆ ಏನೂ ಸಿಗುವುದಿಲ್ಲ. ಕೆಲವು ಗಿಡಗಳಿಗಂತೂ ತೊಂದರೆಯೇ ಜಾಸ್ತಿ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಎಣ್ಣೆ, ಮೇಣ ಅಥವಾ ಸಿಲಿಕೋನ್. ಅದು ಗೊಬ್ಬರ ಅಲ್ಲ. ಗಿಡ ತಾನೇ ಮಾಡಿಕೊಂಡ ತೆಳು ಮೇಣದ ಪದರ ಎಲೆ ಮೇಲೆ ಮೊದಲೇ ಇದೆ. ಒಳಗಿನ ನೀರು ಆರದಂತೆ ಕಾಯುವುದು ಅದೇ. ಗಿಡ ಉಸಿರಾಡುವ ಸಣ್ಣ ರಂಧ್ರಗಳು ಹೆಚ್ಚಿನ ಗಿಡಗಳಲ್ಲಿ ಎಲೆಯ ಅಡಿಯಲ್ಲೇ ಜಾಸ್ತಿ. ಸ್ಪ್ರೇ ಅಲ್ಲಿಗೆ ತಾಗಿದರೆ ಅವು ಮುಚ್ಚಿಕೊಳ್ಳುತ್ತವೆ. ಮೇಲ್ಗಡೆ ಮಾತ್ರ ಹೊಡೆದರೂ ಎಣ್ಣೆಯ ಜಿಡ್ಡು ಉಳಿದರೆ ನಾಳೆಯ ಧೂಳು ಅದಕ್ಕೇ ಬಂದು ಅಂಟುತ್ತದೆ. ಇಷ್ಟು ಗಾಳಿ ಬೀಸುವ ಊರಲ್ಲಿ ಅದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ, ಅಲ್ವಾ?

ಧೂಳು ಮಾತ್ರ ತೆಗೆಯಲೇಬೇಕು. ಅದು ಬೆಳಕಿಗೆ ಅಡ್ಡ ಬರುತ್ತದೆ, ಬೆಳಕು ಕಡಿಮೆಯಾದರೆ ಗಿಡ ಮಾಡಿಕೊಳ್ಳುವ ಆಹಾರವೂ ಕಡಿಮೆ.

ಮೊದಲು ನೀರು ನೋಡಿಕೊಳ್ಳಿ. ನಮ್ಮ ಕಡೆ ಬಹಳಷ್ಟು ಬೋರ್‌ವೆಲ್ ನೀರು ಗಡಸು. ಅದರಲ್ಲಿ ಒರೆಸಿದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಹಿಡಿದಿಟ್ಟ ಮಳೆನೀರು ಅಥವಾ ಆರ್‌ಒ ಫಿಲ್ಟರ್ ನೀರು ಒಂದು ಚೊಂಬು ಇದ್ದರೆ ಸಾಕು. ಫಿಲ್ಟರ್ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ.

ಹಳೇ ಪಂಚೆ ಅಥವಾ ಕಾಟನ್ ಸೀರೆಯ ಮೆತ್ತನೆ ತುಂಡು ತೆಗೆದುಕೊಳ್ಳಿ. ಒದ್ದೆ ಮಾಡುವ ಮೊದಲು ಒಣಬಟ್ಟೆಯಿಂದ ಧೂಳನ್ನು ಮೆಲ್ಲಗೆ ಉದುರಿಸಿ. ಇಲ್ಲದಿದ್ದರೆ ಮರಳಿನ ಕಣ ಎಲೆಯನ್ನು ಗೀರುತ್ತದೆ. ಆಮೇಲೆ ಬಟ್ಟೆ ಒದ್ದೆ ಮಾಡಿ ಹಿಂಡಿ. ಎಡಗೈ ಎಲೆಯ ಕೆಳಗಿಟ್ಟು ಆಸರೆ ಕೊಡಿ, ಬಲಗೈಯಿಂದ ತೊಟ್ಟಿನ ಕಡೆಯಿಂದ ತುದಿಯವರೆಗೆ ಒಂದೇ ದಿಕ್ಕಿಗೆ ಒರೆಸಿ. ಅಡಿಭಾಗವನ್ನೂ ಬಿಡಬೇಡಿ. ಹಿಟ್ಟು ತಿಗಣೆ, ನುಸಿ ಅಡಗಿ ಕೂರುವುದು ಅಲ್ಲೇ, ಒರೆಸುವಾಗಲೇ ಕಣ್ಣಿಗೆ ಬೀಳುತ್ತವೆ. ಒಂದು ಗಿಡಕ್ಕೆ ಹುಳು ಇದ್ದರೆ ಆ ಬಟ್ಟೆಯನ್ನು ಇನ್ನೊಂದು ಗಿಡಕ್ಕೆ ಮುಟ್ಟಿಸಬೇಡಿ.

ಮಸಿ ಹೋಗದಿದ್ದರೆ ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಸೌಮ್ಯವಾದ ದ್ರವ ಸೋಪು ಹಾಕಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿ. ಬಿಳಿ ಕಲೆಗೆ ನಾಲ್ಕು ಹನಿ ನಿಂಬೆರಸ ಬೆರೆಸಿದ ನೀರು ಸಾಕು, ಅದನ್ನೂ ಆಮೇಲೆ ತೊಳೆಯಬೇಕು. ಕೊಬ್ಬರಿ ಎಣ್ಣೆ, ಹಾಲು ಹಚ್ಚುವ ರೂಢಿ ಬಿಟ್ಟುಬಿಡಿ. ಎಣ್ಣೆಗೆ ಧೂಳು ಹಿಡಿಯುತ್ತದೆ, ಹಾಲು ವಾಸನೆ ಬರುತ್ತದೆ.

ಒರೆಸುವಂಥದ್ದು ರಬ್ಬರ್ ಗಿಡ, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂಥ ನುಣುಪು ಎಲೆಗಳನ್ನು. ಆಫ್ರಿಕನ್ ವಯಲೆಟ್, ದೊಡ್ಡಪತ್ರೆಯ ರೋಮದ ಎಲೆಗೆ ಒಣ ಬ್ರಷ್ ಸಾಕು. ಜರಿ ಗಿಡಗಳಿಗೆ ನೀರು ಚಿಮುಕಿಸಿ. ದಪ್ಪ ರಸಭರಿತ ಎಲೆಯ ಸಕ್ಯುಲೆಂಟ್ ಗಿಡಗಳ ಮೇಲಿನ ಬೂದಿಯಂಥ ಪುಡಿ ಧೂಳಲ್ಲ, ಅದು ಬಿಸಿಲಿನಿಂದ ಕಾಯುವ ಮೇಣ. ಒರೆಸಿದರೆ ಆ ಎಲೆಯಲ್ಲಿ ಮತ್ತೆ ಬರುವುದಿಲ್ಲ.

ಮದುವೆ ಮನೆ, ಗೃಹಪ್ರವೇಶಕ್ಕೆ ಸ್ಪ್ರೇ ಹೊಡೆಯಲೇಬೇಕು ಅನ್ನುವವರು ಮೊದಲು ಎಲೆ ಒರೆಸಿ ಒಣಗಿಸಿ. ಡಬ್ಬಿಯ ಮೇಲೆ ಬರೆದಷ್ಟು ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಒಳಗಿನ ಅನಿಲದ ತಣ್ಣಗಿನ ಹೊಡೆತಕ್ಕೇ ಎಲೆ ಸುಡುತ್ತದೆ. ಬಲಿತ ನುಣುಪು ಎಲೆಯ ಮೇಲ್ಭಾಗಕ್ಕೆ ಮಾತ್ರ ಹೊಡೆಯಿರಿ, ಚಿಗುರಿಗೆ ಬೇಡ. ತುಳಸಿ, ಕರಿಬೇವು, ವೀಳ್ಯದೆಲೆ ಹತ್ತಿರ ಸ್ಪ್ರೇ ಸುಳಿಯಲೇಬಾರದು, ಅವನ್ನು ನಾವು ಬಾಯಿಗೆ ಹಾಕಿಕೊಳ್ಳುತ್ತೇವೆ.

ಈಗಾಗಲೇ ಹೊಡೆದಿದ್ದರೆ ಗಾಬರಿ ಬೇಡ. ಮೇಲೆ ಹೇಳಿದ ಸೋಪುನೀರಿನಲ್ಲಿ ಎರಡೂ ಕಡೆ ಒರೆಸಿ, ಬರೀ ನೀರಿನಲ್ಲಿ ತೊಳೆದು, ಜಿಡ್ಡು ಪೂರ್ತಿ ಹೋಗುವವರೆಗೆ ಗಿಡವನ್ನು ನೇರ ಬಿಸಿಲಿಗೆ ಇಡದಿದ್ದರೆ ಆಯಿತು.