ನಿಮ್ಮದೇ ಲಿನಕ್ಸ್ ಡಿಸ್ಟ್ರೋ: ಕಟ್ಟೋದು ಒಂದು ಸಂಜೆ, ಸಾಕೋದು ಐದು ವರ್ಷ

ಗುಬ್ಬಿ ಕಡೆ ಒಂದು ಹೈಸ್ಕೂಲ್ ಲ್ಯಾಬಲ್ಲಿ ಹದಿನೆಂಟು ಹಳೇ ಕಂಪ್ಯೂಟರ್ ಇವೆ, ಎಲ್ಲಾ ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್. ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಇವುಗಳ ಹತ್ರಕ್ಕೂ ಬರಲ್ಲ, ಇನ್ನೇನು ಗುಜರಿಗೆ ಹೋಗ್ಬೇಕಿತ್ತು. ಅಲ್ಲಿನ ಮೇಷ್ಟ್ರು ನನಗೆ ಪಾಠ ಹೇಳಿದೋರು, ಫೋನ್ ಮಾಡಿ "ಏನೋ ಲಿನಕ್ಸ್ ಲಿನಕ್ಸ್ ಅಂತಿರ್ತೀಯಲ್ಲಪ್ಪ, ಕನ್ನಡ ಬರೋ ಹಂಗೆ ಒಂದು ಮಾಡ್ಕೊಡು" ಅಂದ್ರು. ಹಂಗೆ ಶುರುವಾಗಿದ್ದು ನಮ್ಮ ಡಿಸ್ಟ್ರೋ, ಅಂದ್ರೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಜೊತೆ ಬೇಕಾದ ಸಾಫ್ಟ್‌ವೇರ್ ಎಲ್ಲಾ ಸೇರ್ಸಿ ಕಟ್ಟಿದ ಒಂದು ಗಂಟು. ನಿಮ್ಮೂರ ಶಾಲೆಗೂ ಬೇಕು ಅಂದ್ರೆ ಹೀಗೆ ಮಾಡಿ.

ಸೊನ್ನೆಯಿಂದ ಶುರು ಮಾಡೋಕೆ ಹೋಗ್ಬೇಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಲೆಕ್ಕ ಇದು, ಹಿಟ್ಟು ರುಬ್ಬೋದು ಡೆಬಿಯನ್ ಅನ್ನೋ ಹಳೇ ಡಿಸ್ಟ್ರೋನೋರು, ನಾವು ತಟ್ಟೆಗೆ ಹುಯ್ದು ಬೇಯ್ಸೋದಷ್ಟೇ. 1993ರಿಂದ ರುಬ್ತಾ ಇದಾರೆ. ಉಬುಂಟು ಹುಟ್ಟಿದ್ದು ಅದೇ ಹಿಟ್ಟಿಂದ, ನಮ್ಮ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನೋರ ಬಾಸ್ ಲಿನಕ್ಸೂ ಅದೇ.

ನಿಮ್ಮ ಕಂಪ್ಯೂಟರಲ್ಲಿ ಡೆಬಿಯನ್ 13 ಇರ್ಲಿ, ಡಿಸ್ಕಲ್ಲಿ ಒಂದು 20 ಜಿಬಿ ಖಾಲಿ ಇರ್ಲಿ. 'ಲೈವ್-ಬಿಲ್ಡ್' ಅನ್ನೋ ಪ್ಯಾಕೇಜ್ (ಡಿಸ್ಟ್ರೋ ಕಟ್ಟೋ ಟೂಲ್) ಹಾಕ್ಕೊಳ್ಳಿ. ಹೊಸ ಫೋಲ್ಡರ್ ಮಾಡಿ, ಟರ್ಮಿನಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಅದರೊಳಗೆ ಹೋಗಿ 'ಎಲ್‌ಬಿ ಕಾನ್ಫಿಗ್' ಕೊಡಿ (ಟೈಪ್ ಮಾಡೋದು ಇಂಗ್ಲಿಷಲ್ಲೇ, ನಾನಿಲ್ಲಿ ಉಚ್ಚಾರಣೆ ಬರೀತಿದೀನಿ ಅಷ್ಟೇ). ಇದಕ್ಕೆ ಎರಡು ಮಾತು ಸೇರ್ಸಿ ಹೇಳ್ಬೇಕು: ಡಿಸ್ಟ್ರಿಬ್ಯೂಷನ್ ಟ್ರಿಕ್ಸೀ, ಅಂದ್ರೆ ಡೆಬಿಯನ್ 13, ಆಮೇಲೆ ಆರ್ಕೈವ್ ಏರಿಯಾಗಳಲ್ಲಿ (ಡೆಬಿಯನ್ ಪ್ಯಾಕೇಜ್ ಇಟ್ಟಿರೋ ವಿಭಾಗಗಳು) 'ಮೇನ್' ಜೊತೆ 'ನಾನ್-ಫ್ರೀ-ಫರ್ಮ್‌ವೇರ್'. ಹಾರ್ಡ್‌ವೇರ್ ಒಳಗೆ ಓಡೋ ಕೋಡ್ ಇರೋದು ಈ ಎರಡನೇದ್ರಲ್ಲಿ, ಅದು ಬಿಟ್ರೆ ಎಷ್ಟೋ ಲ್ಯಾಪ್‌ಟಾಪಲ್ಲಿ ವೈಫೈ ಏಳೋದೇ ಇಲ್ಲ. ಇನ್ನೊಂದು, ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ (ಸಿಸ್ಟಮ್ಮಿನ ತಿರುಳು) ಇಲ್ಲ. ಕೋರ್ 2 ಡ್ಯುಯೋ 64 ಬಿಟ್ಟೇ, ಅದರಿಂದ ನಾವು ಬಚಾವ್.

ಈಗ ಏನೇನು ಬೇಕು ಅಂತ ಪಟ್ಟಿ. 'ಕಾನ್ಫಿಗ್' ಒಳಗೆ 'ಪ್ಯಾಕೇಜ್-ಲಿಸ್ಟ್ಸ್' ಅಂತ ಫೋಲ್ಡರ್ ಇರುತ್ತೆ, ಅದರಲ್ಲಿ ಒಂದು ಫೈಲ್ ಮಾಡಿ, ಹೆಸರಿನ ಕೊನೇಲಿ 'ಡಾಟ್ ಲಿಸ್ಟ್ ಡಾಟ್ ಸಿಎಚ್‌ರೂಟ್' ಇರ್ಲಿ, ಹೆಸರಿನ ಕೊನೆ ತಪ್ಪಿದ್ರೆ ಅದು ಪಟ್ಟಿ ಕಡೆ ತಿರುಗೂ ನೋಡಲ್ಲ, ಎರರ್ರೂ ಕೊಡಲ್ಲ, ನಾನು ಒಂದು ರಾತ್ರಿ ಪೂರ್ತಿ ಇದಕ್ಕೇ ಕಳೆದಿದೀನಿ. ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ, ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್ 2 ಜಿಬಿಗೆ ಭಾರ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಇಎಸ್‌ಆರ್, ಮಕ್ಕಳಿಗೆ ಕಲಿಕೆ ಆಟಗಳ ಜಿಕಾಂಪ್ರಿ. ಕನ್ನಡಕ್ಕೆ ಲೋಹಿತ್, ನವಿಲು, ಗುಬ್ಬಿ ಫಾಂಟ್‌ಗಳು (ತಾಲ್ಲೂಕಲ್ಲ, ಫಾಂಟ್ ಹೆಸರೇ ಗುಬ್ಬಿ, ಮೇಷ್ಟ್ರು ಇದನ್ನ ನಂಬ್ಲೇ ಇಲ್ಲ). ಟೈಪಿಂಗಿಗೆ 'ಐಬಸ್-ಎಂ17ಎನ್', ಅದರಲ್ಲಿ 'ನುಡಿ' ತಂತ್ರಾಂಶ ಬಳಸೋರಿಗೆ ಅಭ್ಯಾಸ ಇರೋ ಕೆಜಿಪಿ ಕೀಲಿಮಣೆ ಬರುತ್ತೆ.

ಆಮೇಲೆ ಸುಡೋ (ಅಡ್ಮಿನ್ ಅಧಿಕಾರ) ಜೊತೆ 'ಎಲ್‌ಬಿ ಬಿಲ್ಡ್' ಕೊಟ್ಟು ಊಟಕ್ಕೆ ಹೋಗಿ. ಬರೋ ಹೊತ್ತಿಗೆ ಇಡೀ ಡಿಸ್ಟ್ರೋ ಒಂದೇ ಐಎಸ್‌ಒ ಫೈಲ್ ಆಗಿರುತ್ತೆ, ನೆಟ್ ಸ್ಲೋ ಇದ್ರೆ ನಿದ್ದೆ ಮಾಡಿ ಎದ್ಬನ್ನಿ. ಪಟ್ಟಿ ಬದಲಾಯ್ಸಿದ್ರೆ 'ಎಲ್‌ಬಿ ಕ್ಲೀನ್' ಮಾಡಿ ಮತ್ತೆ ಬಿಲ್ಡ್, ಇಳಿಸ್ಕೊಂಡಿದ್ದ ಪ್ಯಾಕೇಜ್ ಕ್ಯಾಶಲ್ಲೇ ಉಳಿಯುತ್ತೆ. ಮೊದ್ಲು ಕ್ಯೂಎಮುನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಸುಳ್ಳು ಕಂಪ್ಯೂಟರ್) 2 ಜಿಬಿ ಕೊಟ್ಟು ಓಡ್ಸಿ ನೋಡಿ, ಆಮೇಲೆ ಪೆನ್‌ಡ್ರೈವಿಗೆ ಬರೀರಿ. ಡಿಡಿ ಕಮಾಂಡಲ್ಲಿ ಬರೆಯೋರು ಡ್ರೈವ್ ಹೆಸರು ಎರಡು ಸಲ ನೋಡ್ಕೊಳ್ಳಿ, ಅಕ್ಷರ ಒಂದು ತಪ್ಪಿದ್ರೆ ನಿಮ್ಮ ಸ್ವಂತ ಡಿಸ್ಕೇ ಕ್ಲೀನ್.

ಬಹಳ ಜನ ಇಲ್ಲಿಗೆ ಕೈ ತೊಳ್ಕೋತಾರೆ. ನಾನೂ ತೊಳ್ಕೊಂಡಿದ್ದೆ. ಪ್ರಿಂಟರ್ ಸೆಟ್ಟಿಂಗು, ವಾಲ್‌ಪೇಪರ್ರು ಎಲ್ಲಾನೂ 'ಇನ್‌ಕ್ಲೂಡ್ಸ್ ಡಾಟ್ ಸಿಎಚ್‌ರೂಟ್' ಫೋಲ್ಡರಿಗೆ ತುಂಬ್ಸಿದ್ದೆ, ಅದರಲ್ಲಿ ಹಾಕಿದ್ದೆಲ್ಲಾ ಹಂಗೇ ಐಎಸ್‌ಒ ಒಳಗೆ ಹೋಗುತ್ತೆ, ಸುಲಭ ಅಲ್ವಾ. ಹದಿನೆಂಟಕ್ಕೂ ಇನ್‌ಸ್ಟಾಲ್ ಆದ್ಮೇಲೆ ಪ್ರಿಂಟರ್ ವಿಳಾಸ ತಪ್ಪು ಅಂತ ಗೊತ್ತಾಯ್ತು. ಐಎಸ್‌ಒ ತಿದ್ದಿದ್ರೆ ಇನ್‌ಸ್ಟಾಲ್ ಆಗಿರೋ ಪಿಸಿಗೆ ಅದು ಹೋಗಲ್ಲ! ಪೆನ್‌ಡ್ರೈವ್ ಹಿಡ್ಕೊಂಡು ಹದಿನೆಂಟೂ ಸುತ್ತಿದೆ. ಅದಕ್ಕೇ ಹೇಳೋದು, ಮುಂದೆ ಬದಲಾಗ್ಬೋದು ಅನ್ಸೋದನ್ನೆಲ್ಲಾ ಒಂದು ಸಣ್ಣ ಡೆಬ್ ಪ್ಯಾಕೇಜ್ (ಡೆಬಿಯನ್ ಇನ್‌ಸ್ಟಾಲ್ ಮಾಡೋ ಫೈಲ್) ಮಾಡಿ, 'ಈಕ್ವಿವ್ಸ್' ಅನ್ನೋ ಟೂಲಲ್ಲಿ ಹತ್ತು ನಿಮಿಷದ ಕೆಲ್ಸ. ಬೇಕಾದ ಸಾಫ್ಟ್‌ವೇರ್ ಪಟ್ಟಿನೂ ಆ ಪ್ಯಾಕೇಜಿನ ಡಿಪೆಂಡ್ಸ್ ಸಾಲಲ್ಲೇ ಬರೀಬೋದು. ತಿದ್ದಿದಾಗ ವರ್ಷನ್ ನಂಬರ್ ಏರ್ಸಿ, ಮುಂದಿನ ಅಪ್‌ಡೇಟಲ್ಲಿ ತಾನೇ ಹೋಗುತ್ತೆ.

ಆ ಪ್ಯಾಕೇಜ್ ಇಡೋಕೆ ಒಂದು ರೆಪೊ, ಅಂದ್ರೆ ಪ್ಯಾಕೇಜ್ ಉಗ್ರಾಣ, ಬೇಕು. 'ರೆಪ್ರೆಪ್ರೋ' ಅನ್ನೋ ಟೂಲ್ ಸಾಕು, ಅದು ಕಟ್ಟೋ ರೆಪೊ ಬರೀ ಫೈಲುಗಳ ಗುಡ್ಡೆ, ಯಾವ ಸಾದಾ ವೆಬ್ ಸರ್ವರಲ್ಲಾದ್ರೂ ಕೂರುತ್ತೆ. ಜಿಪಿಜಿ ಕೀಲಿ (ಡಿಜಿಟಲ್ ಸಹಿ ಹಾಕೋ ಕೀ) ಒಂದು ಮಾಡಿ ರೆಪೊಗೆ ಸಹಿ ಹಾಕ್ಬೇಕು, ಸಹಿ ತಾಳೆ ಆಗ್ದಿದ್ರೆ ಪ್ಯಾಕೇಜ್ ಇಳಿಸೋ ಎಪಿಟಿ ಆ ರೆಪೊ ಮುಟ್ಟಲ್ಲ. ನಾನು ಟ್ರಯಲ್ ತಾನೇ ಅಂತ ಕೀಲಿಗೆ ಆರೇ ತಿಂಗಳ ಅವಧಿ ಕೊಟ್ಟು ಮರ್ತೇ ಹೋಗಿದ್ದೆ. ಒಂದಿನ ಬೆಳಿಗ್ಗೆ ಮೇಷ್ಟ್ರ ಫೋನು, ಎಲ್ಲಾ ಪಿಸಿನೂ ಕೆಂಪು ಅಕ್ಷರದಲ್ಲಿ ಬೈತಾ ಇದೆ ಅಂತ. ಕೀಲಿ ಅವಧಿ ಮುಗಿದಿತ್ತು. ಮತ್ತೆ ಪೆನ್‌ಡ್ರೈವು, ಮತ್ತೆ ಹದಿನೆಂಟು. ಡೆಬಿಯನ್‌ನೋರು ತಮ್ಮ ಕೀಲಿಗಳನ್ನೇ ಒಂದು ಪ್ಯಾಕೇಜ್ ಮಾಡಿ ಹಂಚ್ತಾರೆ, ಈಗ ನಾನೂ ಹಂಗೇ, ಅವಧಿ ಮುಗಿಯೋಕೆ ಎರಡು ತಿಂಗಳು ಮುಂಚೆನೇ ಹೊಸದು ತಲುಪಿರುತ್ತೆ. ಕೀಲಿಯ ಗುಟ್ಟಿನ ಭಾಗ ಮಾತ್ರ ರೆಪೊ ಇರೋ ಸರ್ವರಲ್ಲಿ ಇಡ್ಬೇಡಿ.

ಸೆಕ್ಯುರಿಟಿ ಅಪ್‌ಡೇಟ್ ಹೊಣೆ ಹೊತ್ಕೋಬೇಡಿ, ಅದು ನೇರ ಡೆಬಿಯನ್ನಿಂದ ಬರ್ಲಿ, 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಹಾಕಿದ್ರೆ ತಾನೇ ಇಳಿಸ್ಕೊಳ್ಳುತ್ತೆ. ಅವರ ಪ್ಯಾಕೇಜ್ ತಂದು ತಿದ್ದಿ ನಿಮ್ಮ ರೆಪೊಗೆ ಹಾಕಿದ್ರೋ, ಅವತ್ತಿಂದ ಅದರ ತೂತು ಮುಚ್ಚೋದೆಲ್ಲಾ ನಿಮ್ಮ ತಲೆ ಮೇಲೆ. ಹದಿನೆಂಟೂ ಒಟ್ಟಿಗೆ ಇಳಿಸೋಕೆ ಶುರು ಮಾಡಿದ್ರೆ ಶಾಲೆ ಡೇಟಾ ಮಧ್ಯಾಹ್ನಕ್ಕೇ ಖಾಲಿ, ಅದಕ್ಕೆ ಮೇಷ್ಟ್ರ ಪಿಸಿಲಿ 'ಎಪಿಟಿ-ಕ್ಯಾಶರ್-ಎನ್‌ಜಿ' ಕೂರ್ಸಿ ಉಳಿದವು ಅದರ 3142 ಪೋರ್ಟಿಗೆ ಬರೋ ಹಂಗೆ ಮಾಡಿದೀನಿ, ಒಂದು ಪ್ಯಾಕೇಜ್ ಒಂದೇ ಸಲ ಇಳಿಯುತ್ತೆ. ಡೆಬಿಯನ್‌ನೋರ ಪಾಯಿಂಟ್ ರಿಲೀಸ್ (ಸಣ್ಣಪುಟ್ಟ ತಿದ್ದುಪಡಿ ಸೇರ್ಸಿದ್ದು) ಸುಮಾರು ಎರಡು ತಿಂಗಳಿಗೊಂದು ಬರುತ್ತೆ, ಆಗ ಐಎಸ್‌ಒ ಮತ್ತೆ ಕಟ್ಟಿ ತಾರೀಕು ಹಾಕಿಡಿ. ದೊಡ್ಡ ರಿಲೀಸ್ ಸುಮಾರು ಎರಡು ವರ್ಷಕ್ಕೊಂದು, ಮೊದ್ಲು ಒಂದೇ ಪಿಸಿಲಿ ಹಾಕಿ ವಾರ ಕಾಯಿರಿ. ಅವಸರ ಏನಿಲ್ಲ, ಹಳೇದಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) ಸೇರಿ ಒಟ್ಟು 5 ವರ್ಷ ಸಪೋರ್ಟ್ ಇರುತ್ತೆ.

ಐಎಸ್‌ಒ ಬೇರೆ ಶಾಲೆಗೂ ಕೊಟ್ರೆ ಜಿಪಿಎಲ್ ಅನ್ನೋ ಲೈಸೆನ್ಸ್ ಲೆಕ್ಕದಲ್ಲಿ ಸೋರ್ಸೂ (ಪ್ರೋಗ್ರಾಮಿನ ಮೂಲ ಕೋಡ್) ಸಿಗೋ ಹಂಗೆ ಇಡ್ಬೇಕು, ಲೈವ್-ಬಿಲ್ಡಲ್ಲಿ ಸೋರ್ಸ್ ಇಮೇಜ್ ಮಾಡೋ ಆಪ್ಷನ್ ಇದೆ.

ಮತ್ತೆ ಕರೆಂಟು. ಅಪ್‌ಗ್ರೇಡ್ ನಡುವೆ ಹೋದ್ರೆ ಪ್ಯಾಕೇಜ್‌ಗಳು ಅರ್ಧಕ್ಕೆ ನಿಂತಿರ್ತವೆ, ಗಾಬರಿ ಬೇಡ, ಸುಡೋ ಜೊತೆ 'ಡಿಪಿಕೆಜಿ ಕಾನ್ಫಿಗರ್ ಎ' (ಕಾನ್ಫಿಗರ್‌ಗೆ ಮುಂಚೆ ಎರಡು ಹೈಫನ್, ಎಗೆ ಮುಂಚೆ ಒಂದು) ಕೊಟ್ರೆ ನಿಂತಲ್ಲಿಂದ ಮುಂದಕ್ಕೆ ಹೋಗುತ್ತೆ. ಈ ಕಮಾಂಡನ್ನ ಚೀಟಿಲಿ ಬರ್ದು ಲ್ಯಾಬ್ ಗೋಡೆಗೆ ಅಂಟ್ಸಿದ್ದೆ. ಮೊನ್ನೆ ಹೋದಾಗ ನೋಡಿದ್ರೆ ಅದರ ಕೆಳಗೆ ಮೇಷ್ಟ್ರು ಕೆಂಪು ಪೆನ್ನಲ್ಲಿ ಕೀಲಿ ಮುಗಿಯೋ ತಾರೀಕು, ಪಕ್ಕದಲ್ಲಿ ನನ್ನ ಫೋನ್ ನಂಬರು, ಎರಡೂ ಬರ್ದಿಟ್ಟಿದ್ರು.