ಐದು ಬಕೆಟ್ ನೀರಿನ ಹಿತ್ತಲು

ಕೋಲಾರದಲ್ಲಿ ವಸಂತವೆಂದರೆ ಬಿಸಿಲು. ಅವರೆಕಾಯಿಯ ಕಾಲ ಮುಗಿದು, ಎಲೆ ಉದುರಿಸಿದ ಹೊಂಗೆ ಯುಗಾದಿಗೆ ಮತ್ತೆ ತಿಳಿಹಸಿರಾಗುವಷ್ಟರಲ್ಲಿ ಮಧ್ಯಾಹ್ನದ ಹೊತ್ತು ಹಿತ್ತಲಲ್ಲಿ ಬರಿಗಾಲು ಊರಲಾಗುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಮೊದಲ ವರ್ಷ ಬೀಜದ ಪೊಟ್ಟಣಗಳ ಮೇಲಿನ ಚಿತ್ರಕ್ಕೆ ಮರುಳಾಗಿ ಫೆಬ್ರವರಿ ಕೊನೆಯಲ್ಲಿ ಟೊಮೆಟೊ, ಬೀನ್ಸ್, ಹೂಕೋಸು ಎಲ್ಲವನ್ನೂ ಒಟ್ಟಿಗೆ ಹಾಕಿದೆ.

ಟೊಮೆಟೊ ಸಸಿಗಳಿಗೆ ಬಿಳಿ ನೊಣ ಮುತ್ತಿ ಅರ್ಧಕ್ಕರ್ಧ ಎಲೆ ಮುದುರಿಕೊಂಡವು. ಉಳಿದವು ಹೂ ಬಿಟ್ಟವು. ಏಪ್ರಿಲಿನಲ್ಲಿ ಬಿಸಿಲು 35 ಡಿಗ್ರಿ ದಾಟಿದ ವಾರ ಹೂವೆಲ್ಲ ಉದುರಿತು. ಕೈಗೆ ಬಂದದ್ದು ಒಂಬತ್ತು ಹಣ್ಣು. ಮಂಡಿಯಿಂದ ಲಾರಿಗಟ್ಟಲೆ ಟೊಮೆಟೊ ಹೊರಡುವ ಊರಿನಲ್ಲಿ ಒಂಬತ್ತು! "ಒಂದೊಂದಕ್ಕೂ ಎಷ್ಟು ಬಿಂದಿಗೆ ನೀರು ಹೊಯ್ದೆಯಮ್ಮ?" ಎಂದು ಅತ್ತೆ ಕೇಳಿದರು. ಅವರು ಹಾಸ್ಯಕ್ಕೆ ಕೇಳಿದ್ದಲ್ಲ, ನಿಜವಾಗಿ ಲೆಕ್ಕ ಕೇಳುತ್ತಿದ್ದರು.

ಬೀನ್ಸ್ ಕೆಟ್ಟದ್ದು ಮಾತ್ರ ನನ್ನ ಜಾಣತನದಿಂದಲೇ. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ದಿನವೂ ಪಾತಿಗೆ ಹಾಕಿದೆ. ನಮ್ಮ ಕೊಳವೆಬಾವಿಯ ನೀರು ಮೊದಲೇ ಗಡಸು. ಫಿಲ್ಟರ್ ಹೊರಹಾಕುವುದರಲ್ಲಿ ಉಪ್ಪು ಇನ್ನೂ ಸಾಂದ್ರವಾಗಿರುತ್ತದೆ. ತಿಂಗಳೊಳಗೆ ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತು, ಎಲೆಗಳ ಅಂಚು ಸುಟ್ಟಂತಾಯಿತು. ಈಗ ಆ ನೀರು ಅಂಗಳ ತೊಳೆಯುವುದಕ್ಕೆ ಮಾತ್ರ.

ಎರಡನೆಯ ವರ್ಷ ಬೀಜ ಕೊಳ್ಳುವ ಮೊದಲು ಸಂಕ್ರಾಂತಿಯ ವಾರದಲ್ಲಿ ನೀರು ಎಣಿಸಿದೆ. ನಮಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಅಕ್ಕಿ, ಸೊಪ್ಪು ತೊಳೆದ ನೀರು ದಿನಕ್ಕೆ ಒಂದು ಬಕೆಟ್, ಬಟ್ಟೆಯ ಕೊನೆಯ ಜಾಲಾಟದ್ದು ಎರಡು, ಸಂಪಿನಿಂದ ಮನಸ್ಸು ಗಟ್ಟಿ ಮಾಡಿ ಎರಡು. ಒಟ್ಟು ಐದು ಬಕೆಟ್, ಅಂದರೆ 75 ಲೀಟರ್. ಇಂಥ ಬಿಸಿಲಿನಲ್ಲಿ ಬೆಳೆದು ನಿಂತ ಪಾತಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರ್. ಹಾಗಾಗಿ ನನ್ನ 75 ಲೀಟರು ಸಾಕುವುದು 15 ಚದರ ಮೀಟರನ್ನು, ಹೆಚ್ಚುಕಡಿಮೆ 160 ಚದರಡಿಯನ್ನು. ಹಿತ್ತಲು ಇರುವುದು 600 ಚದರಡಿ. ಮುಕ್ಕಾಲು ಪಾಲು ಖಾಲಿ ಬಿಡಲು ನಿಜಕ್ಕೂ ಹೊಟ್ಟೆ ಉರಿಯಿತು, ಆದರೂ ಬಿಟ್ಟೆ.

ಆಮೇಲೆ ನೆರಳಿನ ಯೋಚನೆ. ಅಂಗಡಿಯ ಹಸಿರು ಪರದೆಯ ಬೆಲೆ ಕೇಳಿ ವಾಪಸು ಬಂದೆ. ಅತ್ತೆಯ ತವರು ಮುಳಬಾಗಿಲಿನ ಕಡೆ ಹಳ್ಳಿ. ಅಲ್ಲಿ ಹಿತ್ತಲಿನ ಪಡುವಣ ಬದಿಗೆ ಹೀರೆ ಚಪ್ಪರ ಹಾಕುತ್ತಿದ್ದರಂತೆ. ಹೀರೆಗೆ ಬಿಸಿಲು ಬೇಕು, ಸೊಪ್ಪಿಗೆ ಮಧ್ಯಾಹ್ನದ ನಂತರ ಬಿಸಿಲು ಬೇಡ. ಚಪ್ಪರ ಪಶ್ಚಿಮಕ್ಕಿದ್ದರೆ ಎರಡಕ್ಕೂ ಆಯಿತು. ಚಳಿಯಲ್ಲಿ ಹೀರೆ ಬೀಜ ಮೊಳೆಯಲು ಸತಾಯಿಸುವುದರಿಂದ ರಥಸಪ್ತಮಿಯವರೆಗೆ ಕಾದು, ರಾತ್ರಿಯಿಡೀ ನೆನೆಸಿದ ಬೀಜವನ್ನು ಗುಣಿಗೆ ಮೂರರಂತೆ ಊರಿದೆ. ಚಳಿ ಶಿವಶಿವಾ ಎಂದು ಓಡುವ ಶಿವರಾತ್ರಿಯ ಹೊತ್ತಿಗೆ ಬಳ್ಳಿ ಕಡ್ಡಿ ಹಿಡಿದಿತ್ತು. ಯುಗಾದಿಗೆ ಚಪ್ಪರ ತುಂಬಿತು. ಅದರ ಪೂರ್ವಕ್ಕೆ ದಂಟು, ಹರಿವೆ, ಮೆಂತ್ಯದ ಮೂರು ಪಾತಿ. ಅದರಾಚೆ ಬಯಲಿನಲ್ಲಿ ಬೆಂಡೆ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಆರಿಸಿದೆ, ಹಳದಿ ನಂಜು ರೋಗ ತಡೆಯುವ ತಳಿ ಎಂಬ ಕಾರಣಕ್ಕೆ. ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ. ಐವತ್ತನೆಯ ದಿನ ಮೊದಲ ಕಾಯಿ ಕಿತ್ತೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮದು ಕೆಮ್ಮಣ್ಣು, ನೀರು ಹೊಯ್ದು ಒಣಗಿದರೆ ರೊಟ್ಟಿಯಂತೆ ಗಟ್ಟಿ. ಐದು ಬಾಂಡಲಿ ಮಣ್ಣಿಗೆ ಒಂದು ಬಾಂಡಲಿ ಕೆರೆಗೋಡು, ಎರಡು ಬಾಂಡಲಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತು ಪುಡಿಯಾಗಿರಬೇಕು. ಹಸಿ ಗೊಬ್ಬರದ ಜೊತೆಗೆ ಗೊಣ್ಣೆಹುಳವೂ ಬರುತ್ತದೆ. ಮೇಲುಹೊದಿಕೆಗೆ ರಾಗಿ ಹುಲ್ಲು ಕೇಳಿದರೆ ಹಸು ಸಾಕಿದವರು ಕೆಕ್ಕರಿಸಿ ನೋಡುತ್ತಾರೆ. ಬೀದಿಯ ಹೊಂಗೆ ಉದುರಿಸಿದ ಎಲೆಗಳನ್ನೇ ಗುಡಿಸಿ ಮೂಟೆ ಕಟ್ಟಿಟ್ಟಿದ್ದೆ. ಅದನ್ನು ಮೂರು ಬೆರಳು ದಪ್ಪ ಹರಡಿದ ಮೇಲೆ ಬೆಂಡೆಗೆ ದಿನ ಬಿಟ್ಟು ದಿನ ನೀರು ಸಾಕಾಯಿತು. ಬಟ್ಟೆ ಜಾಲಿಸಿದ ನೀರು ಹೀರೆ, ಬೆಂಡೆಯ ಬುಡಕ್ಕೆ ಮಾತ್ರ. ಸೊಪ್ಪಿಗೆ ಒಳ್ಳೆಯ ನೀರೇ.

ಹರಿವೆಯನ್ನು ಎರಡು ಸಲ ಬಿತ್ತಬೇಕಾಯಿತು. ಮೊದಲ ಬೀಜವನ್ನು ಇರುವೆಗಳು ಸಾಲುಗಟ್ಟಿ ಹೊತ್ತೊಯ್ದವು. ಎರಡನೆಯ ಸಲ ಬೀಜವನ್ನು ಮರಳಿನಲ್ಲಿ ಬೆರೆಸಿ ಚೆಲ್ಲಿ, ಪಾತಿಯ ಸುತ್ತ ಅಕ್ಕಿ ನುಚ್ಚು ಉದುರಿಸಿದೆ. ಅವು ನುಚ್ಚಿನ ಹಿಂದೆ ಬಿದ್ದವು.

ಹೀರೆಯ ಮೊದಲ ಹೂಗಳೆಲ್ಲ ಗಂಡು. ಅದು ಸಹಜವೆಂದು ಗೊತ್ತಿತ್ತು. ಹೆಣ್ಣು ಹೂ ಬಂದ ಮೇಲೂ ಪುಟ್ಟ ಕಾಯಿಗಳು ಹಳದಿಯಾಗಿ ಉದುರತೊಡಗಿದಾಗ ಗಾಬರಿಯಾಯಿತು. ಹೀರೆ ಹೂ ಅರಳುವುದು ಸಂಜೆ. ನಾನು ಬೆಳಿಗ್ಗೆ ಹೋಗಿ ನೋಡುತ್ತಿದ್ದೆ, ಆ ಹೊತ್ತಿಗೆ ಅವು ಬಾಡಿರುತ್ತಿದ್ದವು. ಕೆಲಸದಿಂದ ಬಂದು ಆರು ಗಂಟೆಗೆ ಗಂಡು ಹೂವಿನ ಎಸಳು ಕಿತ್ತು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಸವರಲು ಶುರುಮಾಡಿದೆ. ಕಾಯಿ ನಿಂತಿತು. ಆಮೇಲೆ ಹಣ್ಣು ನೊಣ ಬಂತು, ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುವಂಥದ್ದು. ಅಂಗಡಿಯ ಮೋಹಕ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಅದನ್ನು ತೂಗುಹಾಕಿದ್ದಲ್ಲದೆ ಎಳೆ ಕಾಯಿಗಳಿಗೆ ಹಳೆಯ ದಿನಪತ್ರಿಕೆ ಸುತ್ತಿದೆ, ಸೊಟ್ಟಗಾದವನ್ನು ಕಿತ್ತು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಆದರೂ ಮೂರರಲ್ಲೊಂದು ಕಾಯಿ ಹೋಯಿತು.

ದಂಟು ಮಾತ್ರ ಕೊಟ್ಟೇ ಕೊಟ್ಟಿತು. ಮಾರ್ಚ್ ಮಧ್ಯದಿಂದ ವಾರಕ್ಕೆರಡು ದಿನ ಬಸ್ಸಾರು, ಮಸ್ಸೊಪ್ಪು. ಮಕ್ಕಳು ಮುಖ ಸಿಂಡರಿಸುವವರೆಗೂ.

ಭರಣಿ ಮಳೆಯ ಮೊದಲ ಹನಿ ಬಿದ್ದ ಸಂಜೆ ಅತ್ತೆ ಟೊಮೆಟೊ ಬೀಜದ ಪೊಟ್ಟಣ ತಂದು ಕೈಗಿಟ್ಟರು. "ಈಗ ಒಟ್ಲು ಹಾಕು. ಇಪ್ಪತ್ತೈದು ದಿನಕ್ಕೆ ಸಸಿಯಾಗುತ್ತದೆ, ಜೂನಿಗೆ ನೆಡಬಹುದು." ಖಾಲಿ ಬಿಟ್ಟಿದ್ದ ಮುಕ್ಕಾಲು ಹಿತ್ತಲನ್ನು ಮರುದಿನವೇ ಅಗೆಯಲು ತೊಡಗಿದೆ.